ನಿದ್ದೆ ಬಂತು, ನಿದ್ದೆ ಮಾಡಿದೆ

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದೂವರೆಗೆ ಹಳೇ ಗೆಳೆಯ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ ಇನ್ನೇನು ಇಡ್ಬೇಕು ಅನ್ನೋವಾಗ ಇದ್ದಕ್ಕಿದ್ದ ಹಾಗೆ ಕೇಳಿದ, "ಅಲ್ಲ ಕಣೋ, ನಿಂಗೆ ನಂಬಿಕೆ ಹೇಗೆ ಬಂತು? ನಂಗ್ಯಾಕೆ ಬರ್ಲಿಲ್ಲ?"

ಅವನೂ ನಾನೂ ಒಂದೇ ಸಂಡೇ ಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತು ಬೆಳೆದವರು. ಬೈಬಲ್ ವಚನ ಬಾಯಿಪಾಠ ಮಾಡೋದ್ರಲ್ಲಿ ಅವನೇ ಮುಂದು, ಬಹುಮಾನ ಎಲ್ಲಾ ಅವನಿಗೇ, ನಾನು ಮಧ್ಯದಲ್ಲಿ ಒಂದು ಸಾಲು ನುಂಗಿ ಸಿಕ್ಕಿಹಾಕ್ಕೊಳ್ತಿದ್ದೆ. ಕೇಳಿದ ಪ್ರಸಂಗ ಒಂದೇ, ಹಾಡಿದ ಕೀರ್ತನೆ ಒಂದೇ, ನಿದ್ದೆ ತೂಗಿದ ಪ್ರಾರ್ಥನೆಗಳೂ ಒಂದೇ. ಇಪ್ಪತ್ತರ ಆಸುಪಾಸಲ್ಲಿ ನನಗೆ ಅದೆಲ್ಲ ನಿಜ ಅನ್ನಿಸೋಕೆ ಶುರುವಾಯ್ತು, ಅದೇ ವಯಸ್ಸಲ್ಲಿ ಅವನಿಗೆ ಅದೆಲ್ಲ ಕಥೆ ಅನ್ನಿಸೋಕೆ ಶುರುವಾಯ್ತು. ಅವನೇನೂ ದೇವರ ಮೇಲೆ ಸಿಟ್ಟಾಗಿ ಹೋದವನಲ್ಲ, ಯಾರದ್ದೋ ನಡತೆ ನೋಡಿ ಬೇಸತ್ತು ಬಿಟ್ಟವನೂ ಅಲ್ಲ. ಬರ್ಲಿಲ್ಲ, ಅಷ್ಟೇ.

ನಾನು ಏನೋ ತೊದಲಿದೆ. ಫೋನ್ ಇಟ್ಟ ಮೇಲೆ ತಲೇಲಿ ಉಳಿದದ್ದು ಅವನ ಪ್ರಶ್ನೆಗಿಂತ ಅವನು ಬಳಸಿದ ಕ್ರಿಯಾಪದ. "ನೀನ್ಯಾಕೆ ನಂಬಿದೆ" ಅಂತ ಕೇಳ್ಲಿಲ್ಲ ಅವನು, "ನಿಂಗೆ ನಂಬಿಕೆ ಹೇಗೆ ಬಂತು" ಅಂದ. ನಾವು ಎರಡನ್ನೂ ದಿನಾ ಯೋಚನೆನೇ ಮಾಡ್ದೆ ಹೇಳ್ತೀವಿ. ನಾನು ನಂಬಿದೆ ಅಂದ್ರೆ ಕೆಲಸ ನಂದು, ಕರ್ತೃ ನಾನು. ನನಗೆ ನಂಬಿಕೆ ಬಂತು ಅಂದ್ರೆ ಬಂದದ್ದು ಅದು, ನಾನು ಬರೀ ಅದು ಬಂದು ಸೇರಿದ ಜಾಗ, ಚತುರ್ಥಿ ವಿಭಕ್ತಿ ಹಚ್ಕೊಂಡು ಪಕ್ಕಕ್ಕೆ ನಿಂತವನು. ನಿದ್ದೆಗೂ ಹಾಗೇ ಅಲ್ವಾ? ನಿದ್ದೆ ಬಂತು ಅಂತೀವಿ, ನಿದ್ದೆ ಮಾಡಿದೆ ಅಂತೀವಿ, ಎರಡೂ ಒಂದೇ ರಾತ್ರಿಯ ಬಗ್ಗೆ. ಬಲವಂತವಾಗಿ ತರಿಸ್ಕೊಳ್ಳೋಕೆ ಹೋದ್ರೆ ಅದು ಬರಲ್ಲ, ಹಾಗಂತ ಲೈಟ್ ಆರಿಸಿ ಮಲಗೋದು ನಾವೇ.

ಕ್ರೈಸ್ತರು ಸುಮಾರು 1,600 ವರ್ಷದಿಂದ ಆಡ್ತಾ ಬಂದಿರೋ ಒಂದು ದೊಡ್ಡ ಜಗಳ ಈ ಎರಡು ವಾಕ್ಯಗಳ ನಡುವಿನದ್ದೇ ಅಂತ ನನಗೆ ಈಚೆಗೆ ಅನ್ನಿಸ್ತಿದೆ. ಒಬ್ಬ ಮನುಷ್ಯ ರಕ್ಷಣೆ ಹೊಂದೋದು ಅವನು ದೇವರನ್ನ ಆರಿಸ್ಕೊಂಡಿದ್ದಕ್ಕಾ, ಇಲ್ಲಾ ದೇವರು ಅವನನ್ನ ಮೊದಲೇ ಆರಿಸ್ಕೊಂಡಿದ್ದಕ್ಕಾ.

ಯಾರು ರಕ್ಷಣೆ ಹೊಂದ್ತಾರೆ ಅಂತ ದೇವರು ಮೊದಲೇ ನೇಮಿಸಿರೋದಕ್ಕೆ ಪೂರ್ವನಿಯೋಜನೆ ಅಂತಾರೆ. ಪೂರ್ವನಿಯೋಜನೆ ಅಂದ ತಕ್ಷಣ ನಮ್ಮ ಕಿವಿಗೆ ಅದು ಹಣೆಬರಹ ಅಂತ ಕೇಳುತ್ತೆ, ಆದ್ರೆ ಎರಡೂ ಒಂದಲ್ಲ. ಹಣೆಬರಹದಲ್ಲಿ ಮದುವೆ, ಕೆಲಸ, ಕಾಯಿಲೆ, ಸಾಲ ಎಲ್ಲಾ ಸೇರ್ಕೊಂಡಿರುತ್ತೆ, ಬರೆದವನು ಯಾಕೆ ಹಾಗೆ ಬರೆದ ಅಂತ ಯಾರೂ ಹೋಗಿ ಕೇಳಲ್ಲ. ಇಲ್ಲಿ ಜಗಳ ಇರೋದು ಒಂದೇ ಒಂದು ಕಡೆ, ಪಾಪದಲ್ಲಿ ಬಿದ್ದ ಮನುಷ್ಯ ದೇವರ ಕಡೆ ತಿರುಗುವಾಗ ಆ ಮೊದಲನೇ ತಿರುವು ಯಾರದ್ದು ಅನ್ನೋದ್ರಲ್ಲಿ. ಹಿಂದಿನ ಜನ್ಮದ ಲೆಕ್ಕವೂ ಇದರಲ್ಲಿ ಇಲ್ಲ. ಬೈಬಲಿನ ಅವಳಿ ಅಣ್ಣತಮ್ಮಂದಿರು ಯಾಕೋಬ, ಏಸಾವ ಇಬ್ಬರೂ ಹುಟ್ಟೋಕೆ ಮೊದಲೇ, ಒಳ್ಳೇದು ಕೆಟ್ಟದ್ದು ಏನೂ ಮಾಡೋಕೆ ಮೊದಲೇ ಆಯ್ಕೆ ಮುಗಿದಿತ್ತು ಅಂತ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಒತ್ತಿ ಒತ್ತಿ ಹೇಳ್ತಾನೆ. ಯಾವ ಯೋಗ್ಯತೆಯೂ ಇಲ್ಲದೆ ಸಿಕ್ಕಿದ್ದು ಅನ್ನೋದೇ ಅದರ ಪಾಯಿಂಟ್.

ಇಪ್ಪತ್ತೆರಡನೇ ವಯಸ್ಸಲ್ಲಿ ಇದನ್ನ ಬಗೆಹರಿಸಿಯೇ ಬಿಡ್ತೀನಿ ಅಂತ ಒಂದು ನೋಟ್‌ಬುಕ್ ತಗೊಂಡು ಪುಟದ ಮಧ್ಯೆ ಗೆರೆ ಎಳೆದಿದ್ದೆ. ಎಡಗಡೆ ದೇವರೇ ಆರಿಸ್ತಾನೆ ಅನ್ನೋ ವಚನಗಳು: ಲೋಕ ಹುಟ್ಟೋಕೆ ಮೊದಲೇ ನಮ್ಮನ್ನ ಆರಿಸ್ಕೊಂಡ ಅನ್ನೋ ಎಫೆಸ 1, ತಂದೆ ಎಳೀದೆ ಯಾರೂ ನನ್ನ ಹತ್ರ ಬರಲಾರರು ಅನ್ನೋ ಯೋಹಾನ 6, ಕುಂಬಾರನಿಗೆ ಮಣ್ಣಿನ ಮೇಲೆ ಹಕ್ಕಿಲ್ವಾ ಅನ್ನೋ ರೋಮಾ 9. ಬಲಗಡೆ ಮನುಷ್ಯ ಆರಿಸ್ಬೇಕು ಅನ್ನೋವು: ಜೀವವನ್ನ ಆರಿಸ್ಕೊಳ್ಳಿ ಅನ್ನೋ ಧರ್ಮೋಪದೇಶಕಾಂಡ 30, ಎಲ್ಲರೂ ರಕ್ಷಣೆ ಹೊಂದ್ಬೇಕು ಅನ್ನೋದು ದೇವರ ಇಷ್ಟ ಅನ್ನೋ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ, ಕೋಳಿ ತನ್ನ ಮರಿಗಳನ್ನ ರೆಕ್ಕೆ ಕೆಳಗೆ ಸೇರಿಸ್ಕೊಳ್ಳೋ ಹಾಗೆ ನಿನ್ನ ಮಕ್ಕಳನ್ನ ಸೇರಿಸ್ಕೊಳ್ಳೋಕೆ ಎಷ್ಟೋ ಸಲ ಬಯಸಿದೆ, ಆದ್ರೆ ನಿಮಗೇ ಮನಸ್ಸಿರ್ಲಿಲ್ಲ ಅಂತ ಯೇಸು ಯೆರೂಸಲೇಮಿನ ಬಗ್ಗೆ ಹೇಳೋ ಮತ್ತಾಯ 23. ಫರೋಹನ ಹತ್ರ ಬಂದಾಗ ಗೆರೆ ಅಲ್ಲಾಡೋಕೆ ಶುರುವಾಯ್ತು. ವಿಮೋಚನಕಾಂಡದಲ್ಲಿ ಒಂದು ಕಡೆ ಅವನೇ ತನ್ನ ಮನಸ್ಸು ಕಲ್ಲು ಮಾಡ್ಕೊಂಡ ಅಂತಿದೆ, ಇನ್ನೊಂದು ಕಡೆ ದೇವರೇ ಅವನ ಮನಸ್ಸನ್ನ ಕಲ್ಲು ಮಾಡಿದ ಅಂತಿದೆ, ಅದೂ ಒಂದೇ ಕಥೆಯಲ್ಲಿ, ಒಂದೇ ಮನುಷ್ಯನ ಬಗ್ಗೆ. ಕೊನೆಗೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ನನ್ನ ನೋಟ್‌ಬುಕ್ಕನ್ನೇ ಮುಚ್ಚಿಸ್ತು. ಭಯದಿಂದ ನಡುಗ್ತಾ ನಿಮ್ಮ ರಕ್ಷಣೆಯನ್ನ ನೀವೇ ಸಾಧಿಸ್ಕೊಳ್ಳಿ ಅಂತಾನೆ ಪೌಲ, ಉಸಿರು ಬಿಡದೆ ಮುಂದುವರಿಸ್ತಾನೆ, ಯಾಕಂದ್ರೆ ನಿಮ್ಮಲ್ಲಿ ಇಚ್ಛೆಯನ್ನೂ ಕೆಲಸವನ್ನೂ ಉಂಟುಮಾಡೋನು ದೇವರೇ. ಆದ್ರೂ ಅಂತಲ್ಲ, ಯಾಕಂದ್ರೆ ಅಂತ. ಎರಡರ ಮಧ್ಯೆ ಇಂಥ ಪದ ಇಟ್ಟವನ ಮಾತನ್ನ ಎಡಕ್ಕೆ ಬರೀಲಾ ಬಲಕ್ಕೆ ಬರೀಲಾ?

ಜಗಳದ ಶುರು ಒಂದು ಪ್ರಾರ್ಥನೆಯಿಂದ ಅನ್ನೋದು ನನಗೆ ಇಷ್ಟವಾಗೋ ವಿಷಯ. ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ದೇವರ ಹತ್ರ ಕೇಳ್ಕೊಳ್ತಾನೆ, ನೀನು ಏನು ಆಜ್ಞೆ ಮಾಡ್ತೀಯೋ ಅದನ್ನ ಮಾಡೋ ಶಕ್ತಿ ಕೊಡು, ಆಮೇಲೆ ಏನು ಬೇಕಾದ್ರೂ ಆಜ್ಞೆ ಮಾಡು ಅಂತ. ರೋಮಿನಲ್ಲಿ ಯಾರೋ ಇದನ್ನ ಓದಿ ಹೇಳಿದಾಗ ಬ್ರಿಟನ್ ಕಡೆಯಿಂದ ಬಂದ ಪೆಲಾಜಿಯಸ್ ಅನ್ನೋ ಸನ್ಯಾಸಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಅವನ ಕೋಪಾನೂ ಅರ್ಥ ಆಗುತ್ತೆ. ಕ್ರೈಸ್ತ ಅನ್ನಿಸ್ಕೊಳ್ಳೋದು ಸುಲಭವಾಗಿಹೋಗಿದ್ದ ಕಾಲದಲ್ಲಿ, ಮನಸ್ಸಿಗೆ ಬಂದ ಹಾಗೆ ಬದುಕ್ತಿದ್ದ ಜನಕ್ಕೆ ಶಿಸ್ತು ಕಲಿಸೋಕೆ ಹೆಣಗ್ತಿದ್ದವನು ಅವನು, ಅಂಥವನ ಮುಂದೆ ದೇವರು ಶಕ್ತಿ ಕೊಟ್ರೆ ಮಾಡ್ತೀನಿ ಅನ್ನೋದು ಸೋಮಾರಿಯ ನೆಪದ ಹಾಗೆ ಕೇಳಿಸ್ತು. ದೇವರು ಮಾಡು ಅಂದಿದ್ದಾನೆ ಅಂದ್ರೆ ಮಾಡೋಕೆ ಆಗುತ್ತೆ ಅಂತಲೇ ಅರ್ಥ, ಇಲ್ದಿದ್ರೆ ಅಂದವನು ಅನ್ಯಾಯಗಾರ. ಎಷ್ಟು ನೇರವಾದ ತರ್ಕ ನೋಡಿ.

ಅಗಸ್ಟೀನ್ ಇದಕ್ಕೆ ಒಪ್ಪದೇ ಇದ್ದದ್ದು ಬರೀ ತರ್ಕದಿಂದಲ್ಲ. ತಾನು ಬಿಡ್ಬೇಕು ಅಂದ್ಕೊಂಡಿದ್ದನ್ನ ವರ್ಷಗಟ್ಟಲೆ ಬಿಡಲಾಗದೆ ಒದ್ದಾಡಿದವನು ಅವನು, ಯೌವನದಲ್ಲಿ ನನಗೆ ಪರಿಶುದ್ಧತೆ ಕೊಡು ದೇವರೇ, ಆದ್ರೆ ಈಗಲೇ ಬೇಡ ಅಂತ ಪ್ರಾರ್ಥನೆ ಮಾಡಿದ್ದನ್ನ ತಾನೇ ಬರ್ಕೊಂಡಿದ್ದಾನೆ. 386ರಲ್ಲಿ ಮಿಲಾನಿನ ತೋಟದಲ್ಲಿ ಅವನಿಗೆ ಆದ ಬದಲಾವಣೆ ಅವನ ಕಣ್ಣಿಗೆ ಅವನ ಸಾಧನೆ ಆಗಿ ಕಾಣ್ಲೇ ಇಲ್ಲ. ನನ್ನ ಇಚ್ಛೆ ಸ್ವತಂತ್ರವಾಗಿದೆ ಅನ್ನೋನಿಗೆ ಅವನ ಪ್ರಶ್ನೆ, ಸರಿ, ಇಚ್ಛಿಸ್ತೀಯ, ಆದ್ರೆ ಏನನ್ನ ಇಚ್ಛಿಸ್ಬೇಕು ಅಂತ ನಿನ್ನ ಇಚ್ಛೆಗೆ ಹೇಳ್ಕೊಡೋಕೆ ನಿನ್ನಿಂದ ಆಗುತ್ತಾ? ಕುಡಿತ ಬಿಡ್ಬೇಕು ಅಂತ ಒಮ್ಮೆಯಾದ್ರೂ ಪ್ರಯತ್ನ ಪಟ್ಟವರು ಈ ಪ್ರಶ್ನೆಯ ಮುಂದೆ ಸುಮ್ಮನಾಗ್ತಾರೆ. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಜಿಯಸ್‌ನ ಬೋಧನೆಯನ್ನ ತಳ್ಳಿಹಾಕ್ತು. ಆದ್ರೆ ಅಗಸ್ಟೀನ್ ಹೇಳಿದ್ದನ್ನೆಲ್ಲ ಚರ್ಚು ಪೂರ್ತಿ ಒಪ್ಪಿತಾ ಅಂದ್ರೆ ಅದೂ ಇಲ್ಲ. 529ರಲ್ಲಿ ಓರಾಂಜ್‌ನಲ್ಲಿ ಸೇರಿದ ಬಿಷಪ್ಪರು ಮೊದಲ ಹೆಜ್ಜೆ ಕೃಪೆಯದ್ದೇ ಅಂದ್ರು, ಹಾಗಂತ ಯಾರನ್ನಾದ್ರೂ ದೇವರು ಕೆಟ್ಟದ್ದಕ್ಕೆ ನೇಮಿಸಿದ್ದಾನೆ ಅಂತ ಹೇಳೋನಿಗೆ ಶಾಪ ಇರಲಿ ಅಂತಾನೂ ಸೇರಿಸಿದ್ರು.

ಈ ಇತಿಹಾಸದಲ್ಲಿ ನನಗೆ ಮರೆಯೋಕೆ ಆಗದ ಮನುಷ್ಯ ಬೇರೆಯೇ. ಗಾಟ್‌ಶಾಲ್ಕ್ ಅಂತ, 9ನೇ ಶತಮಾನದವನು, ಸ್ಯಾಕ್ಸನ್ ಕುಲೀನನ ಮಗ. ಚಿಕ್ಕ ಹುಡುಗ ಇದ್ದಾಗಲೇ ಮನೆಯವರು ಅವನನ್ನ ಫುಲ್ಡಾ ಮಠಕ್ಕೆ ಅರ್ಪಿಸಿಬಿಟ್ರು, ಆ ಕಾಲದಲ್ಲಿ ಹಾಗೆ ಕೊಡೋದಿತ್ತು. ದೊಡ್ಡವನಾದ ಮೇಲೆ 829ರಲ್ಲಿ ಮೈನ್ಸ್‌ನ ಸಭೆಯ ಮುಂದೆ ನಿಂತು, ನಾನು ಒಪ್ಪಿ ಬಂದವನಲ್ಲ, ನನ್ನನ್ನ ಬಿಟ್ಬಿಡಿ ಅಂತ ಕೇಳ್ಕೊಂಡ. ಸಭೆ ಮೊದಲು ಬಿಡೋಕೆ ಒಪ್ತು, ಆದ್ರೆ ಮಠದ ಹಿರಿಯ ರಾಬಾನಸ್ ಮಾರಸ್ ಬಿಡ್ಲಿಲ್ಲ, ಚಕ್ರವರ್ತಿಯ ತನಕ ಹೋದ, ಕೊನೆಗೆ ಅವನು ಬೇರೆ ಮಠಕ್ಕೆ ಹೋಗಬಹುದಾಯ್ತೇ ಹೊರತು ಸನ್ಯಾಸದಿಂದ ಬಿಡುಗಡೆ ಸಿಗ್ಲಿಲ್ಲ. ಈ ಮನುಷ್ಯ ಅಗಸ್ಟೀನನನ್ನ ಓದಿ ಓದಿ ಕೊನೆಗೆ ಸಾರಿದ್ದೇನು ಗೊತ್ತಾ, ದೇವರು ಕೆಲವರನ್ನ ಜೀವಕ್ಕೂ ಉಳಿದವರನ್ನ ಶಿಕ್ಷೆಗೂ ಮೊದಲೇ ನೇಮಿಸಿದ್ದಾನೆ ಅಂತ, ಜೋಡಿ ಪೂರ್ವನಿಯೋಜನೆ. 848ರಲ್ಲಿ ಅದೇ ಮೈನ್ಸ್‌ನಲ್ಲಿ ಅವನನ್ನ ತಪ್ಪಿತಸ್ಥ ಅಂದವನು ಅದೇ ರಾಬಾನಸ್, ಆಗ ಆರ್ಚ್‌ಬಿಷಪ್ ಆಗಿದ್ದ. ಮುಂದಿನ ವರ್ಷ ಇನ್ನೊಂದು ಸಭೆಯಲ್ಲಿ ಚಾಟಿ ಏಟು, ತಾನು ಬರೆದದ್ದನ್ನ ತನ್ನ ಕೈಯಾರೆ ಬೆಂಕಿಗೆ ಹಾಕೋ ಶಿಕ್ಷೆ, ಆಮೇಲೆ ಸುಮಾರು 20 ವರ್ಷ ಮಠದ ಸೆರೆಯಲ್ಲೇ ಇದ್ದು ಸತ್ತ. ಮಾತು ಹಿಂದಕ್ಕೆ ತಗೊಳ್ಲಿಲ್ಲ. ಬದುಕಲ್ಲಿ ಒಂದೇ ಒಂದು ಸಲ ನಂದು ಅಂತ ಒಂದು ಆಯ್ಕೆ ಕೇಳಿ ಸೋತವನು, ಆಯ್ಕೆಯೆಲ್ಲ ದೇವರದ್ದೇ ಅಂತ ಹೇಳಿ ಸತ್ತ. ನಿನ್ನ ಇಚ್ಛೆ ಸ್ವತಂತ್ರವಾಗಿದೆ ಅಂತ ಅವನನ್ನ ಚಾಟಿಯಿಂದ ಒಪ್ಪಿಸೋಕೆ ಹೋದವರ ಸ್ಥಿತಿ ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಆದ್ರೆ ಅವನಿಗೆ ಆ ಸಿದ್ಧಾಂತ ಬರೀ ಭಯ ಆಗಿರ್ಲಿಲ್ಲ ಅಂತ ನನ್ನ ಊಹೆ. ಮನುಷ್ಯರು ತನ್ನ ಬಗ್ಗೆ ಏನೇ ತೀರ್ಮಾನ ಮಾಡಿದ್ರೂ ಅದಕ್ಕಿಂತ ಹಳೇ ತೀರ್ಮಾನ ಒಂದಿದೆ ಅನ್ನೋದು ಸೆರೆಯಲ್ಲಿ ಇರೋನಿಗೆ ಆಸರೆಯೂ ಆಗಬಹುದು.

ಅದೇ ಆಸರೆಯ ಮಾತು 700 ವರ್ಷ ಆದ್ಮೇಲೆ, ಜರ್ಮನಿಯಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್‌ನ ಬಾಯಲ್ಲಿ ಬರುತ್ತೆ. 1524ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಸ್ವತಂತ್ರ ಇಚ್ಛೆಯ ಪರವಾಗಿ ಒಂದು ಪುಸ್ತಕ ಬರೆದ, 1525ರಲ್ಲಿ ಲೂಥರ್ ಇಚ್ಛೆ ಬಂಧನದಲ್ಲಿದೆ ಅಂತ ಅದಕ್ಕಿಂತ ದಪ್ಪ ಉತ್ತರ ಬರೆದ. ಎರಾಸ್ಮಸ್ ಕೊಡೋ ಚಿತ್ರ ಚೆನ್ನಾಗಿದೆ: ಇನ್ನೂ ನಡೆಯೋಕೆ ಬಾರದ ಮಗು ಬಿದ್ದಿದೆ, ಅಪ್ಪ ಎತ್ತಿ ನಿಲ್ಲಿಸ್ತಾನೆ, ದೂರದಲ್ಲಿ ಸೇಬು ತೋರಿಸ್ತಾನೆ, ಕೈ ಹಿಡಿದು ನಡೆಸ್ತಾನೆ, ಕೊನೆಗೆ ಸೇಬನ್ನೂ ಅವನೇ ಕೊಡ್ತಾನೆ. ಎಲ್ಲಾ ಅಪ್ಪನದ್ದೇ, ಆದ್ರೂ ಮಗು ಏನೋ ಒಂಚೂರು ಮಾಡ್ತಲ್ಲ. ಲೂಥರ್‌ನ ಚಿತ್ರದಲ್ಲಿ ಮನುಷ್ಯನ ಇಚ್ಛೆ ಒಂದು ಸವಾರಿ ಪ್ರಾಣಿ, ಮೇಲೆ ದೇವರು ಕೂತ್ರೆ ದೇವರು ಹೇಳಿದ ಕಡೆ, ಸೈತಾನ ಕೂತ್ರೆ ಸೈತಾನ ಹೇಳಿದ ಕಡೆ, ಸವಾರನನ್ನ ಆರಿಸ್ಕೊಳ್ಳೋದು ಪ್ರಾಣಿ ಅಲ್ಲ. (ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯ ಕೇಳಿರೋರಿಗೆ ಇದು ಹೊಸದೇನಲ್ಲ. ಬೆಕ್ಕು ಮರೀನ ಬಾಯಲ್ಲಿ ಕಚ್ಕೊಂಡು ಹೋಗುತ್ತೆ, ಕೋತಿ ಮರಿ ತಾನೇ ತಾಯಿ ಹೊಟ್ಟೇನ ತಬ್ಕೊಂಡಿರುತ್ತೆ. ಮನುಷ್ಯ ದೇವರ ಬಗ್ಗೆ ಯೋಚನೆ ಮಾಡಿದ ಕಡೆಯೆಲ್ಲ ಈ ಎರಡು ಮರಿಗಳು ಹೇಗೋ ಬಂದು ಸೇರ್ಕೊಳ್ತವೆ ಅನ್ಸುತ್ತೆ.)

ಲೂಥರ್‌ನಲ್ಲಿ ನನಗೆ ಮುಖ್ಯ ಅನ್ಸೋದು ಆ ಪ್ರಾಣಿಯ ಉಪಮೆ ಅಲ್ಲ, ಪುಸ್ತಕದ ಕೊನೆ ಕಡೆಗೆ ಅವನು ಮಾಡೋ ಒಂದು ನಿವೇದನೆ. ಸ್ವತಂತ್ರ ಇಚ್ಛೆ ಕೊಡ್ತೀವಿ ಅಂದ್ರೂ ನನಗೆ ಬೇಡ ಅಂತಾನೆ. ನನ್ನ ರಕ್ಷಣೆ ನನ್ನ ಕೈಯಲ್ಲಿದ್ರೆ ಎಷ್ಟು ಮಾಡಿದ್ರೆ ಸಾಕು ಅಂತ ನನ್ನ ಮನಸ್ಸಾಕ್ಷಿಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ, ಅದು ನನ್ನ ಕೈಯಿಂದ ಹೊರಗೆ, ದೇವರ ಕೈಯಲ್ಲಿ ಇರೋದ್ರಿಂದಲೇ ನಾನು ನೆಮ್ಮದಿಯಾಗಿದ್ದೀನಿ ಅಂತ. ಸನ್ಯಾಸಿ ಆಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋಗೋವಾಗ ಇನ್ನೊಂದು ಪಾಪ ನೆನಪಾಗಿ ಕಂಗೆಟ್ಟವನ ಮಾತು ಇದು. ದಣಿದವನ ಮಾತು. ಇದನ್ನ ಓದೋ ತನಕ ನನಗೆ ಪೂರ್ವನಿಯೋಜನೆ ಅಂದ್ರೆ ಕಲ್ಲು ಮನಸ್ಸಿನವರ ಲೆಕ್ಕಾಚಾರ ಅಂತಲೇ ಅನ್ನಿಸ್ತಿತ್ತು.

ಜಿನೀವಾದ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತೆ, ಅವನನ್ನ ಓದಿದವರು ಮಾತ್ರ ಕಮ್ಮಿ. ಅವನು ತನ್ನ ದೊಡ್ಡ ಗ್ರಂಥದ ಕೊನೇ ಆವೃತ್ತಿಯಲ್ಲಿ, 1559ರದ್ದು, ಈ ವಿಷಯ ಎತ್ತೋದು ದೇವರ ಸಿಂಹಾಸನದಿಂದ ಅಲ್ಲ, ನನ್ನ ಗೆಳೆಯನ ಪ್ರಶ್ನೆಯಿಂದ. ಸುವಾರ್ತೆ ಎಲ್ಲರಿಗೂ ಸಮಾನವಾಗಿ ಮುಟ್ತಿಲ್ಲ, ಮುಟ್ಟಿದವರಲ್ಲೂ ಎಲ್ಲರೂ ಒಂದೇ ಥರ ಒಪ್ತಿಲ್ಲ, ಯಾಕೆ? ಒಂದೇ ಬೆಂಚು, ಎರಡು ಹುಡುಗರು. ನಾನೇ ಒಳ್ಳೇ ಮನಸ್ಸಿನವನು, ಅದಕ್ಕೆ ನಂಬಿದೆ ಅಂತ ಹೇಳ್ಬೇಕಾ? ಅದು ಸುಳ್ಳು ಅಂತ ನನಗೆ ಗೊತ್ತು, ಅವನು ನನಗಿಂತ ಒಳ್ಳೆಯವನು. ಹಾಗಾದ್ರೆ ವ್ಯತ್ಯಾಸ ಮಾಡಿದ್ದು ದೇವರು ಅಂತ ಹೇಳ್ಬೇಕಾಗುತ್ತೆ, ಕ್ಯಾಲ್ವಿನ್ ಅದನ್ನ ಹೇಳಿದ, ಹಾಗಾದ್ರೆ ಕೊಡದೇ ಇದ್ದದ್ದೂ ದೇವರ ತೀರ್ಮಾನವೇ ಅಲ್ವಾ ಅಂದ್ರೆ ಹೌದು ಅಂತಾನೂ ಹೇಳಿದ. ಹೇಳಿ, ಇದು ಭಯ ಹುಟ್ಟಿಸೋ ತೀರ್ಪು, ಒಪ್ಕೋತೀನಿ ಅಂತ ಅವನೇ ಬರೆದ. ಅವನ ಅನುಯಾಯಿಗಳಲ್ಲಿ ಎಷ್ಟೋ ಜನ ಆ ಭಯವನ್ನೇ ಮರೆತು ಬರೀ ತೀರ್ಪನ್ನ ಇಟ್ಕೊಂಡ್ರು ಅನ್ನೋದು ನನ್ನ ದೂರು. ಅವನೂ ಸಾಧು ಏನಲ್ಲ, 1551ರಲ್ಲಿ ಜಿನೀವಾದಲ್ಲಿ ಬೋಲ್ಸೆಕ್ ಅನ್ನೋ ವೈದ್ಯ ಎದ್ದು ನಿಂತು, ಇದು ದೇವರನ್ನೇ ಪಾಪಕ್ಕೆ ಕಾರಣ ಮಾಡುತ್ತೆ ಅಂದಾಗ ಊರು ಬಿಡಿಸಲಾಯ್ತು.

ಆಮೇಲೆ ವಿಷಯ ರಾಜಕೀಯ ಆಯ್ತು. ಹಾಲೆಂಡಿನ ಲೈಡನ್‌ನಲ್ಲಿ ಪ್ರೊಫೆಸರ್ ಆಗಿದ್ದ ಆರ್ಮಿನಿಯಸ್, ದೇವರು ಆರಿಸೋದು ಯಾರು ನಂಬ್ತಾರೆ ಅಂತ ಮುಂಚೆನೇ ಕಂಡು, ಕೃಪೆ ಇಲ್ದೆ ಯಾರೂ ನಂಬಲಾರರು ನಿಜ, ಆದ್ರೆ ಆ ಕೃಪೆಯನ್ನ ಬೇಡ ಅನ್ನೋಕೆ ಮನುಷ್ಯನಿಗೆ ಸಾಧ್ಯ ಅಂದ. ಅವನು 1609ರಲ್ಲಿ ತೀರ್ಕೊಂಡ, ಮುಂದಿನ ವರ್ಷ ಅವನ ಕಡೆಯವರು ಐದು ಅಂಶಗಳ ಮನವಿ ಕೊಟ್ರು, ಅದಕ್ಕೆ ಉತ್ತರವಾಗಿ 1618ರ ನವೆಂಬರ್‌ನಿಂದ 1619ರ ಮೇ ತನಕ ಡಾರ್ಟ್‌ನಲ್ಲಿ ಸಭೆ ಕೂತ್ಕೊಂಡು ಅವರನ್ನ ಹೊರಹಾಕ್ತು. ಸುಮಾರು 200 ಸಭಾಪಾಲಕರು ಕೆಲಸ ಕಳ್ಕೊಂಡ್ರು. ಅವರ ಬೆನ್ನಿಗಿದ್ದ ಹಾಲೆಂಡಿನ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನನ್ನ ಅದೇ ಮೇ ತಿಂಗಳಲ್ಲಿ ಹೇಗ್‌ನಲ್ಲಿ ತಲೆ ಕಡಿದ್ರು, ಅವನಿಗೆ ಎಪ್ಪತ್ತು ದಾಟಿತ್ತು. ಅವನ ಜೊತೆ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆ ಆಗಿದ್ದ ಕಾನೂನು ಪಂಡಿತ ಗ್ರೋಷಿಯಸ್ 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಮುದುಡಿ ಕೂತು ಕೋಟೆಯಿಂದ ತಪ್ಪಿಸ್ಕೊಂಡ. ಕೃಪೆಯನ್ನ ತಡೆಯೋಕೆ ಆಗುತ್ತಾ ಇಲ್ವಾ ಅನ್ನೋ ವಾದದ ಕೊನೇಲಿ ಕೊಡಲಿ ಬಂದದ್ದು ಯಾವ ವಚನದ ಪ್ರಕಾರವೋ.

ಕ್ಯಾಥೋಲಿಕ್ ಕಡೆಯೂ ಇದೇ ಗಲಾಟೆ ಇತ್ತು, ಆದ್ರೆ ಅಲ್ಲಿನ ಮುಕ್ತಾಯ ನನಗೆ ತುಂಬಾ ಇಷ್ಟ. ಜೆಸ್ವಿಟ್ ಸಂಘದ ಪಾದ್ರಿ ಮೊಲಿನಾ 1588ರಲ್ಲಿ ಒಂದು ಪುಸ್ತಕ ಬರೆದ, ಯಾವ ಸನ್ನಿವೇಶದಲ್ಲಿ ಯಾರು ಸ್ವಇಚ್ಛೆಯಿಂದ ಏನು ಮಾಡ್ತಾರೆ ಅಂತ ದೇವರಿಗೆ ಗೊತ್ತಿರುತ್ತೆ, ಅದನ್ನ ನೋಡ್ಕೊಂಡು ಲೋಕವನ್ನ ನಡೆಸ್ತಾನೆ ಅಂತ. ಇನ್ನೊಂದು ಸನ್ಯಾಸಿ ಸಂಘದವರಾದ ಡೊಮಿನಿಕನ್ನರು ಸಿಡಿದೆದ್ರು. ರೋಮಿನಲ್ಲಿ ಸಮಿತಿ ಕೂತು ಇಬ್ಬರು ಪೋಪರ ಕಾಲದಲ್ಲಿ ವರ್ಷಗಟ್ಟಲೆ ವಾದ ಕೇಳಿ, ಕೊನೆಗೆ 1607ರಲ್ಲಿ ಪೋಪ್ ಐದನೇ ಪಾಲ್ ಹೇಳಿದ್ದು ಇಷ್ಟು: ಇಬ್ಬರೂ ಮನೆಗೆ ಹೋಗಿ, ಒಬ್ಬರನ್ನೊಬ್ಬರು ಪಾಷಂಡಿ ಅಂತ ಬಯ್ಯಬೇಡಿ, ತೀರ್ಪು ಆಮೇಲೆ ಹೇಳ್ತೀವಿ. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ಇಷ್ಟೆಲ್ಲ ಓದಿದವನಿಗೆ ತಲೆಗಿಂತ ಎದೆಗೆ ತಾಗೋದು ವಿಲಿಯಂ ಕೂಪರ್‌ನ ಕಥೆ. 18ನೇ ಶತಮಾನದ ಇಂಗ್ಲಿಷ್ ಕವಿ, ಓಲ್ನಿ ಅನ್ನೋ ಊರಲ್ಲಿ ಜಾನ್ ನ್ಯೂಟನ್‌ನ ನೆರೆಯವನು, ಇಬ್ಬರೂ ಸೇರಿ ಬರೆದ ಕೀರ್ತನೆಗಳನ್ನ ಲೋಕ ಈಗಲೂ ಹಾಡುತ್ತೆ. 1773ರ ಶುರುವಿನಲ್ಲಿ ಅವನಿಗೆ ಒಂದು ಕನಸು ಬಿತ್ತು, ಅದರಲ್ಲಿ ಲ್ಯಾಟಿನ್‌ನಲ್ಲಿ ಒಂದು ಮಾತು, ನಿನ್ನ ಕಥೆ ಮುಗೀತು, ನೀನು ನಾಶವಾದೆ ಅಂತ. ಅಲ್ಲಿಂದ 1800ರಲ್ಲಿ ಸಾಯೋ ತನಕ 27 ವರ್ಷ ಅವನು ಆರಾಧನೆಗೆ ಹೋಗ್ಲಿಲ್ಲ, ದೇವರು ತನ್ನನ್ನ ತಳ್ಳಿಬಿಟ್ಟಿದ್ದಾನೆ ಅಂತ ನಂಬಿಯೇ ಬದುಕಿದ. ಅವನಿಗೆ ಮೊದಲಿನಿಂದಲೂ ಮಾನಸಿಕ ಕಾಯಿಲೆ ಇತ್ತು, ಹಾಗಾಗಿ ಎಲ್ಲಾ ಭಾರ ಸಿದ್ಧಾಂತದ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಅಷ್ಟೇ ಅಲ್ಲ, ಅವನು ನಂಬಿದ್ದು ಆ ಸಿದ್ಧಾಂತಕ್ಕೇ ವಿರುದ್ಧ, ಆರಿಸಲ್ಪಟ್ಟವರು ಕೈಬಿಟ್ಟು ಹೋಗಲ್ಲ ಅಂತ ಕ್ಯಾಲ್ವಿನ್ ಕಡೆಯವರೇ ಹೇಳ್ತಾರೆ, ತಾನೊಬ್ಬ ಮಾತ್ರ ಅದಕ್ಕೆ ಅಪವಾದ ಅಂತ ಅವನ ಹಟ. ಆದ್ರೂ ಒಂದು ಕಾಯಿಲೆಗೆ ಮಾತು ಬೇಕಾದಾಗ ಅದು ಸಿಕ್ಕಿದ್ದು ಈ ಉಗ್ರಾಣದಲ್ಲೇ. ಲೂಥರ್‌ಗೆ ತಲೆದಿಂಬು ಆದದ್ದು ಇವನಿಗೆ ಎದೆ ಮೇಲಿನ ಕಲ್ಲಾಯ್ತು. ನಾನು ಆರಿಸಲ್ಪಟ್ಟಿದ್ದೀನಾ ಅಂತ ತನ್ನೊಳಗೇ ಗುರುತು ಹುಡುಕ್ತಾ ಕೂರೋ ಈ ಆತಂಕದಿಂದಲೇ ಜನ ಕೆಲಸ, ಲಾಭ, ಶಿಸ್ತಿನಲ್ಲಿ ಭರವಸೆ ಹುಡುಕೋಕೆ ಹೋದ್ರು ಅಂತ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇಡೀ ಪುಸ್ತಕ ಬರೆದ, ಅದು ಬೇರೆ ದಾರಿ, ಈಗ ಬೇಡ.

ಇನ್ನೊಂದು ಜಾಣ ಉತ್ತರ ಇದೆ, 6ನೇ ಶತಮಾನದಲ್ಲಿ ರೋಮಿನ ತತ್ವಜ್ಞಾನಿ ಬೋಥಿಯಸ್ ಮರಣದಂಡನೆಗೆ ಕಾಯ್ತಾ ಸೆರೆಮನೆಯಲ್ಲಿ ಬರೆದದ್ದು: ದೇವರಿಗೆ ನಿನ್ನೆ ನಾಳೆ ಇಲ್ಲ, ಎಲ್ಲಾ ಈಗಲೇ ಕಾಣುತ್ತೆ, ನೀನು ನಡೀತಿರೋದನ್ನ ನಾನು ನೋಡಿದ್ರೆ ನಾನು ನಡೆಸಿದ ಹಾಗಾಗಲ್ಲ, ಹಾಗೇ ದೇವರು ಬಲ್ಲ ಅಂದ ಮಾತ್ರಕ್ಕೆ ದೇವರು ಮಾಡಿಸಿದ ಅಂತಲ್ಲ. ಸರಿ. ಆದ್ರೆ ನನ್ನ ಗೆಳೆಯ ಕೇಳಿದ್ದು ದೇವರಿಗೆ ಗೊತ್ತಿತ್ತಾ ಅಂತ ಅಲ್ವಲ್ಲ. ಕೊಟ್ನಾ ಅಂತ.

ಅವನ ಪ್ರಶ್ನೇನ ಹೆಸರು ಹೇಳದೆ ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಇಟ್ಟೆ. ತುಂಬಾ ಓದಿಕೊಂಡ ಹಿರಿಯರೊಬ್ಬರು, ಕನ್ನಡಕ ಸರಿ ಮಾಡ್ಕೊಳ್ತಾ, "ಅವರು ಆರಿಸಲ್ಪಟ್ಟವರಲ್ಲಿ ಇಲ್ಲ ಅನ್ಸುತ್ತೆ ಬ್ರದರ್, ಬಿಡಿ" ಅಂದ್ರು. ಬಿಡಿ ಅಂತೆ. ಎದುರಿಗೆ ಕೂತಿದ್ದ ಇನ್ನೊಬ್ಬರು, ಇಚ್ಛಾ ಸ್ವಾತಂತ್ರ್ಯದ ಪಕ್ಷದವರು, "ಹಾಗೇನಿಲ್ಲ, ಅವರು ಮನಸ್ಸು ಮಾಡಿಲ್ಲ ಅಷ್ಟೇ, ಅದು ಅವರ ತಪ್ಪು" ಅಂದ್ರು. ಎರಡು ಸಿದ್ಧಾಂತಗಳೂ ಎಷ್ಟು ಚೆನ್ನಾಗಿ ಕೈ ತೊಳ್ಕೊಂಡ್ವು ನೋಡಿ. ನನಗೆ ಅವತ್ತು ಅನ್ನಿಸಿದ್ದು, ನನ್ನನ್ನ ದೇವರು ಆರಿಸ್ಕೊಂಡ ಅನ್ನೋದು ಉತ್ತಮ ಪುರುಷದಲ್ಲಿ, ಹಿಂದಿರುಗಿ ನೋಡ್ತಾ, ಕೃತಜ್ಞತೆಯಿಂದ ಹೇಳೋ ವಾಕ್ಯ. ಅದನ್ನೇ ಪ್ರಥಮ ಪುರುಷಕ್ಕೆ ತಿರುಗಿಸಿ, ಅವನನ್ನ ಆರಿಸ್ಕೊಂಡಿಲ್ಲ ಅಂದ ಕ್ಷಣ ಅದು ಬೇರೆ ಏನೋ ಆಗಿಬಿಡುತ್ತೆ. ಮನುಷ್ಯ ತನ್ನ ನಿದ್ದೆ ಬಗ್ಗೆ ಬಂತು ಅಂತ ಹೇಳಬಹುದು, ನಿದ್ದೆ ಬಾರದವನ ಮಂಚದ ಪಕ್ಕ ನಿಂತು ನಿಂಗೆ ಬರೆದಿಲ್ಲ ಅಂತ ಹೇಳೋಕಾಗಲ್ಲ, ನೀನು ಸರಿಯಾಗಿ ಪ್ರಯತ್ನ ಮಾಡ್ತಿಲ್ಲ ಅಂತ ಗದರೋಕೂ ಆಗಲ್ಲ. ಗದರಿದ್ರೆ ಬರೋ ನಿದ್ದೇನೂ ಹೋಗುತ್ತೆ.

ಇದು ನುಣುಚಿಕೊಳ್ಳೋ ಮಾತು ಅಂತ ನೀವು ಹೇಳಬಹುದು, ನಾನೂ ನನಗೇ ಹೇಳ್ಕೊಂಡಿದ್ದೀನಿ. ನನಗೆ ಕೊಟ್ಟ, ಅವನಿಗೆ ಬಂದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ರೆ ಮೂರನೇ ವಾಕ್ಯ ತಾನಾಗೇ ಬರುತ್ತೆ, ವ್ಯಾಕರಣ ಹೇಳಿ ಅದನ್ನ ತಡೆಯೋಕೆ ಆಗಲ್ಲ. ಸ್ವಿಸ್ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ 1942ರಲ್ಲಿ ಅದನ್ನ ತಡೆಯೋಕೆ ಒಂದು ದಾರಿ ತೆಗೆದ, ಆರಿಸಲ್ಪಟ್ಟವನೂ ಕ್ರಿಸ್ತನೇ, ತಳ್ಳಲ್ಪಟ್ಟವನೂ ಕ್ರಿಸ್ತನೇ, ಬೇರೆ ಪಟ್ಟಿ ಇಲ್ಲ ಅಂತ. ಹಾಗಾದ್ರೆ ಕೊನೆಗೆ ಎಲ್ಲರೂ ಒಳಗೆ ಬರ್ತಾರಾ ಅಂತ ಕೇಳಿದ್ರೆ ಅವನು ಹೌದೂ ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ನನಗೆ ಬಾರ್ತ್‌ಗಿಂತ ಹೆಚ್ಚು ಸಹಾಯ ಆದದ್ದು ರೋಮಾ 9ನ್ನ ಮೊದಲನೇ ವಚನದಿಂದ ಓದಿದ್ದು. ಕುಂಬಾರ, ಮಣ್ಣು, ಏಸಾವ ಅಂತ ಎಲ್ಲರೂ ನೇರ ಮಧ್ಯಕ್ಕೆ ಹಾರ್ತಾರೆ. ಅಧ್ಯಾಯ ಶುರುವಾಗೋದು ಅಳುವಿನಿಂದ. ನನ್ನ ಹೃದಯದಲ್ಲಿ ಬಿಡದ ವೇದನೆ ಇದೆ, ನನ್ನ ಜನರಿಗೋಸ್ಕರ ನಾನೇ ಕ್ರಿಸ್ತನಿಂದ ಬೇರೆಯಾಗಿ ಶಾಪಗ್ರಸ್ತ ಆಗೋಕೂ ಸಿದ್ಧ ಅಂತಾನೆ ಪೌಲ. ಅವನ ಸ್ವಂತ ಜನ, ಅದೇ ವಚನಗಳನ್ನ ಬಾಯಿಪಾಠ ಮಾಡಿ ಬೆಳೆದವರು, ಅವರಿಗ್ಯಾಕೆ ನಂಬಿಕೆ ಬರ್ಲಿಲ್ಲ ಅನ್ನೋದೇ ಅವನ ಪ್ರಶ್ನೆ. ಮೂರು ಅಧ್ಯಾಯ ಸುತ್ತಿ ಸುತ್ತಿ ಕೊನೆಗೆ ಎಲ್ಲರನ್ನೂ ಕರುಣಿಸೋಕೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದ್ದಾನೆ ಅಂತ ಹೇಳಿ, ಆತನ ಮಾರ್ಗಗಳು ನಮ್ಮ ಅಳತೆಗೆ ಸಿಗಲ್ಲ ಅಂತ ಕೈ ಎತ್ತಿಬಿಡ್ತಾನೆ. ನಮ್ಮ ಹಿರಿಯರು ಬಿಡಿ ಅಂದ ಕಡೆ ಅವನು ಬಿಡ್ಲಿಲ್ಲ.

ವಾದ ಮಾಡೋರಿಗೂ ಪ್ರಾರ್ಥನೆ ಮಾಡುವಾಗ ಇದೆಲ್ಲ ಹೇಗೆ ಮರೆತುಹೋಗುತ್ತೆ ಅಂತ ಗಮನಿಸಿದ್ದೀರಾ? ಸ್ವತಂತ್ರ ಇಚ್ಛೆಯವರು ಮಂಡಿ ಊರಿದ ತಕ್ಷಣ, ದೇವರೇ ನನ್ನ ಮಗನ ಹೃದಯ ತೆರೆ ಅಂತಾರೆ, ಅವನು ತಾನೇ ತೆರೀಲಿ ಅಂತ ಕಾಯಲ್ಲ. ಪೂರ್ವನಿಯೋಜನೆಯವರು ಪೀಠ ಹತ್ತಿದ ತಕ್ಷಣ, ಇವತ್ತೇ ಬನ್ನಿ, ತಡ ಮಾಡಬೇಡಿ ಅಂತಾರೆ. 18ನೇ ಶತಮಾನದ ಇಂಗ್ಲಿಷ್ ಪ್ರಚಾರಕ ವಿಟ್‌ಫೀಲ್ಡ್ ಬಯಲಲ್ಲಿ ಸಾವಿರಾರು ಜನರ ಮುಂದೆ ಕಣ್ಣೀರು ಹಾಕ್ತಾ ಕರೀತಿದ್ದದ್ದು ಹಾಗೇ, ಅವನು ಗಟ್ಟಿ ಕ್ಯಾಲ್ವಿನ್ ಪಕ್ಷದವನು. 1739ರಿಂದ ಶುರುವಾಗಿ ಅವನಿಗೂ ಸ್ವತಂತ್ರ ಇಚ್ಛೆಯ ಪಕ್ಷದ ಜಾನ್ ವೆಸ್ಲಿಗೂ ಇದೇ ವಿಷಯಕ್ಕೆ ಬಹಿರಂಗವಾಗಿ ಮುರಿದುಬಿತ್ತು, 1770ರಲ್ಲಿ ಅವನು ಸತ್ತಾಗ ಲಂಡನ್ನಿನಲ್ಲಿ ಅವನ ನೆನಪಿನ ಪ್ರಸಂಗ ಮಾಡಿದವನು ವೆಸ್ಲಿ.

ಮೊನ್ನೆ ನಾನೇ ಗೆಳೆಯನಿಗೆ ಫೋನ್ ಮಾಡಿದೆ. ಸಿದ್ಧಾಂತ ಏನೂ ಹೇಳ್ಲಿಲ್ಲ, ಅಪೊಸ್ತಲರ ಕೃತ್ಯಗಳು 27ರಲ್ಲಿರೋ ಹಡಗಿನ ಕಥೆ ನೆನಪಿದೆಯಾ ಅಂತ ಕೇಳಿದೆ. ಅವನಿಗೆ ನನಗಿಂತ ಚೆನ್ನಾಗಿ ನೆನಪಿತ್ತು, ಹಡಗಲ್ಲಿ 276 ಜನ ಇದ್ರು ಅಂತ ಅವನೇ ಹೇಳಿದ, ಹದಿನಾಲ್ಕು ರಾತ್ರಿ ಬಿರುಗಾಳಿ ಅಂತಾನೂ. ಯಾರ ಪ್ರಾಣವೂ ಹೋಗಲ್ಲ ಅಂತ ದೇವದೂತ ಪೌಲನಿಗೆ ಮೊದಲೇ ಹೇಳಿಯಾಗಿದೆ. ಆದ್ರೆ ನಾವಿಕರು ಕದ್ದು ದೋಣಿ ಇಳಿಸಿ ಓಡಿಹೋಗೋಕೆ ನೋಡಿದಾಗ ಅದೇ ಪೌಲ ಶತಾಧಿಪತಿಗೆ ಹೇಳ್ತಾನೆ, ಇವರು ಹಡಗಲ್ಲಿ ನಿಲ್ಲದಿದ್ರೆ ನೀವು ಉಳಿಯೋಕಾಗಲ್ಲ. ಸೈನಿಕರು ದೋಣಿಯ ಹಗ್ಗ ಕಡಿದುಹಾಕ್ತಾರೆ. "ಉಳೀತಾರೆ ಅಂತ ಮೊದಲೇ ಗೊತ್ತಿದ್ದವನು ಆ ಮಾತು ಯಾಕೆ ಹೇಳಿದ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕೊನೇಲಿ ಈಜು ಬರೋರು ಮೊದಲು ಹಾರಿ ದಡ ಸೇರ್ಲಿ, ಉಳಿದವರು ಹಲಗೆ ಮೇಲೆ ಬರ್ಲಿ ಅಂತಾರಲ್ಲ?" ಅಂದ.

"ಹೂಂ."

"ಹಲಗೆ ಮೇಲೆ ಬಂದವರನ್ನ ಹಲಗೆ ತಂತಾ, ಅವರು ಹಲಗೆ ಹಿಡ್ಕೊಂಡು ಬಂದ್ರಾ?"

ಇಬ್ಬರಿಗೂ ನಗು ಬಂತು. ನನಗೆ ಗೊತ್ತಿಲ್ಲ ಮಾರಾಯ ಅಂದೆ. ಅವನು ಆಕಳಿಸಿದ. "ಸರಿ ಇಡ್ತೀನಿ, ನಿದ್ದೆ ಬರ್ತಿದೆ" ಅಂದ.